ಭೋಂಗಾ

ನಮ್ಮ ನಾಯಿ ಹೆಸರು ಹವಲ್ದಾರ.
ಇಟ್ಟಾಂವ ನನ್ನ ಮೈದುನ ಭೀಮಶ್ಯಾ.
ಮರಿ ಇದ್ದಾಗ ಹಣಿಮ್ಯಾಗಿನ ಕಂದು ಪಟ್ಟಿ ನೋಡಿ
ಪೊಲೀಸ್ ಟೊಪ್ಪಿಗಿ ಅಂದ.
ಹೆಸರಷ್ಟ. ಬೆಕ್ಕು ಬಂದ್ರ ದಾರಿ ಬಿಡ್ತದ,
ಹುಂಜಕ್ಕ ಸಲಾಮು ಹೊಡಿತದ,
ಟಪ್ಪಾಲಿನ ಬಸಲಿಂಗ ಬಂದಾಗ ಮಾತ್ರ ಬೊಗಳ್ತದ,
ಯಾಕಂದ್ರ ಅಂವ ಅದಕ್ಕಿಂತ ಪುಕ್ಕಲ.

ಮುಂಜಾನಿ ನಾಲ್ಕಕ್ಕ ಒಲಿ ಹಚ್ಚತೀನಿ.
ಚಿತ್ತಾಪುರ ರೋಡಿನ ಖಣಿ ಮಂದಿಗೆ ನಲವತ್ತು ರೊಟ್ಟಿ,
ಲಾರಿ ತುಂಬೋರಿಗೆ ಇಪ್ಪತ್ತು.
ಬಡಿಯೋ ಸಪ್ಪಳಕ್ಕ ಅದರ ಕಿವಿ ಏಳ್ತಾವ,
ಮೊದಲು ಬಲಗಿವಿ, ಆಮ್ಯಾಗ ಎಡಗಿವಿ.
ಮೊದಲನೇ ರೊಟ್ಟಿ ಹರದ್ರ ಅದರದು.
ಹರೀದಿದ್ರ ನಾನ ಹರೀತೀನಿ.

ಮಧ್ಯಾಹ್ನ ಒಂದೂವರಿಗೆ
ಸಿಮೆಂಟ್ ಕಂಪನಿ ಭೋಂಗಾ ಆಗ್ತದ.
ಮೂರು ಸಲ, ಉದ್ದಕ.
ಮುಂದ ತಂಬಾಕ ತಿಕ್ಕೋಷ್ಟು ಹೊತ್ತು ಏನೂ ಇಲ್ಲ,
ಕಾಗಿಣಾ ದಂಡಿ ಕೊಕ್ಕರಿ ಸೈತ ಸುಮ್ಕ.
ಆಮ್ಯಾಗ ನೆಲ ಒಂದು ಸಲ ಮೈ ಝಾಡಿಸ್ತದ.
ಭಾಂಡಿ ಗಿಲಿಗಿಲಿ, ದೇವರ ಮಾಡದಾಗ ಭಂಡಾರ ಉದರ್ತದ,
ಗ್ವಾಡಿ ಬಿರುಕು ಕೂದಲೆಳಿಯಷ್ಟು ಮುಂದಕ್ಕ ಹೋಗ್ತದ.
ಆಫೀಸಿನವರು ಬಂದು ಬಿರುಕು ಅಳತಿ ಮಾಡಿ ಬರಕೊಂಡು ಹೋದರು.
ಬರಕೊಂಡದ್ದು ಎಲ್ಲಿಟ್ಟಾರೋ.

ಭೋಂಗಾ ಬಾಯಿ ತೆರದ್ರ ಸಾಕು, ಹವಲ್ದಾರ
ಮಂಚದ ಕೆಳಗ,
ಜ್ವಾಳದ ಚೀಲಕ್ಕೂ ಹಳೇ ತೊಟ್ಟಿಲಕ್ಕೂ ನಡುವ
ಮೂಗು ಗ್ವಾಡಿಗೆ ಹಚ್ಚಿ.
ಢಂ ಅಂದ ಮ್ಯಾಗ ಹೊರಗ ಬರ್ತದ,
ಏನೂ ಆಗೇ ಇಲ್ಲ ಅನ್ನೋ ಹಂಗ
ಬೇವಿನ ಬೊಡ್ಡಿಗೆ ಕಾಲೆತ್ತತದ.
ದಿನಾ ಇದೇ.
ಕೂಗು, ಕಾಯೋದು, ಸಪ್ಪಳ, ಮುಗೀತು.
ಆ ಲೆಕ್ಕದ ಮ್ಯಾಗ ನಾವಿಬ್ಬರೂ ಬದುಕೀವಿ.

ಹೋದ ವಾರ ರಾತ್ರಿ ಉಣ್ಣೋ ಹೊತ್ತಿಗೆ
ಭೀಮಶ್ಯಾ ಮೊಬೈಲ್ ಹಚ್ಚಿ ಕುಂತಿದ್ದ.
ಯಾವುದೋ ದೇಶ. ಹೆಸರು ಅವನ ನಾಲಿಗಿಗೂ ಹೊಳ್ಳವಲ್ದು.
ಕೆಳಗ ಕೆಂಪು ಅಕ್ಷರ ಓಡ್ತಿದ್ದವು,
ಮ್ಯಾಲ ಕೋಟಿನಾಂವ ಒಬ್ಬ, ತನ್ನ ಮನಿಗೇ ಬೆಂಕಿ ಬಿದ್ದಂಗ
ಖುಷಿಲೆ ಒದರ್ತಿದ್ದ.
"ನಮಗ ಏನಾಗ್ತದ ಅಂದ್ರ ಅತ್ತಿಗಿ, ಗ್ಯಾಸ್ ತುಟ್ಟಿ ಆಗ್ತದ"
ಅಂದ ಭೀಮಶ್ಯಾ, ಉಳ್ಳಾಗಡ್ಡಿ ಕಡ್ಕೋತ.
ನನ್ನ ಒಲಿ ತೊಗರಿ ಕಟಗಿದು. ಸುಮ್ಕಿದ್ದೆ.

ಅಷ್ಟರಾಗ ಆ ಊರಾಗ ಭೋಂಗಾ ಆಯ್ತು.
ನಮ್ಮದರ ಹಂಗ. ನಮ್ಮದರ ಅಕ್ಕನೋ ತಂಗಿನೋ.
ಮಂದಿ ಪಾವಟಿಗಿ ಇಳದು ಓಡ್ತಿದ್ರು,
ಒಬ್ಬಾಕಿ ಕೈಯಾಗ ಅರ್ಧ ಸೋಸಿದ ಪಲ್ಯದ ಸಿವುಡು,
ಕೆಳಗಿಡೋದು ಮರತಿದ್ದಳು.

ಹವಲ್ದಾರ ತನ್ನ ಪರಸಿತುಂಡಿನ ಮ್ಯಾಗಿನ ರೊಟ್ಟಿ ಬಿಟ್ಟು
ಮಂಚದ ಕೆಳಗ ಹೊಕ್ಕಿತು.

"ಖೋಡಿ, ಅದು ಇಲ್ಲಲ್ಲ" ಅಂತ ನಕ್ಕು
ಭೀಮಶ್ಯಾ ಮೊಬೈಲ್ ಬಂದ್ ಮಾಡಿ ಮಕ್ಕೊಂಡ.

ಭೋಂಗಾ ಆಗಿತ್ತು. ಢಂ ಆಗಲಿಲ್ಲ.
ಢಂ ಆಗದ ಅದು ಹೊರಗ ಹೆಂಗ ಬಂದೀತು?
ಬೆಲ್ಲ ತೋರಿಸಿದೆ. ಹೆಸರು ಹಿಡದು ಕರದೆ.
ಬೈದೆ. ಬ್ಯಾಟರಿ ಬಿಟ್ಟು ನೋಡಿದ್ರ
ಕತ್ತಲಾಗ ಎರಡು ಕಣ್ಣು, ಲೆಕ್ಕ ಮುಗಿಯೋದು ಕಾಯ್ತಿದ್ದವು.
ಅದಕ್ಕ ಹೆಂಗ ತಿಳಿಸಿ ಹೇಳ್ಲಿ,
ಆ ಸಪ್ಪಳ ಬ್ಯಾರೆ ಕಡೆ ಆಗ್ಯದ,
ನಮ್ಮ ಪಾಲಿಂದು ಬ್ಯಾರೆಯವರ ಗ್ವಾಡಿಗೆ ಹೋಗ್ಯದ ಅಂತ?

ಹನ್ನೆರಡಾಗಿತ್ತು. ಮೂಲ್ಯಾಗಿನ ಒನಕಿ ತಗೊಂಡೆ,
ಎರಡೂ ಕೈಲೆ ಎತ್ತಿ ಪರಸಿ ಮ್ಯಾಗ ಬಿಟ್ಟೆ.

ಗ್ವಾಡಿ ಆಚಿಂದ ಖಾಜಾಬಿ ಕೇಳಿದಳು,
"ಏನಾತs ಸಾಬವ್ವ?"
"ಏನಿಲ್ಲವ್ವ. ಕೊಡ ಬಿತ್ತು."

ಹವಲ್ದಾರ ಹೊರಗ ಬಂತು, ಮೈ ಝಾಡಿಸ್ತು,
ಉಳದ ರೊಟ್ಟಿ ತಿಂದು ಬೇವಿನ ಕಡೆ ಹೋಯ್ತು.
ನನಗ ನಿದ್ದಿ ಹತ್ತಲಿಲ್ಲ.
ಆಕಿ ಆ ಸಿವುಡು ಕೆಳಗಿಟ್ಟಳೋ ಇಲ್ಲೋ.

ನಾಲ್ಕಕ್ಕ ಎದ್ದು ಒಲಿ ಹಚ್ಚಿದೆ.
ಮೊದಲನೇ ರೊಟ್ಟಿ ತಾನ ಹರೀತು.